ನೆಲಕ್ಕೆ ಹಾಸಿದ ಕೌದಿಗಳು

ಪೂರ್ಣಿಮಾಳ ಮನೆಗೆ ಹೋದವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಕೌದಿಗಳು. ಮಂಚದ ಮೇಲಲ್ಲ, ನೆಲದ ಮೇಲೆ. ಬಾಗಿಲಿನಿಂದ ಅಡುಗೆಮನೆಯ ಹೊಸ್ತಿಲವರೆಗೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಕೆಲವು ಕಡೆ ಒಂದರ ಮೇಲೊಂದು. ಹಳೆಯ ಇಳಕಲ್ ಸೀರೆ, ಅಪ್ಪನ ಧೋತರ, ಅಣ್ಣಂದಿರ ಸವೆದ ಅಂಗಿ ಎಲ್ಲ ಸೇರಿಸಿ ಅವಳ ತಾಯಿ ಬಸವಣ್ಣೆವ್ವ ಪಾರಿಶ್ವಾಡದ ಪಡಸಾಲೆಯಲ್ಲಿ ಕುಳಿತು ಮಗಳ ಸಂಸಾರಕ್ಕೆಂದು ಹೊಲಿದುಕೊಟ್ಟ ಕೌದಿಗಳು. ಹೊದೆಯಲೆಂದು ಹೊಲಿದವು. ಆದರೆ ಬೆಳಗಾವಿಯ ಜನವರಿಯ ಚಳಿಯಲ್ಲಿ ಪೂರ್ಣಿಮಾ, ಅವಳ ಗಂಡ ಸುಮಿತ, ಮಗಳು ಐಶ್ವರ್ಯಾ ಮೂವರೂ ಪೇಟೆಯ ತೆಳ್ಳನೆ ಚಾದರ ಹೊದ್ದು ಮಲಗುತ್ತಿದ್ದರು. ಕೌದಿಗಳು ನೆಲಕ್ಕೇ ಬೇಕಾಗಿದ್ದವು. ಮಗಳ ಹೆಜ್ಜೆಯ ಸಪ್ಪಳ ಕೆಳಗಿನ ಮನೆಗೆ ಕೇಳಬಾರದಲ್ಲ!

ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಒಂದು ಕೂಸು ನಡೆಯುವ ಸಪ್ಪಳವನ್ನು ಮುಚ್ಚಲು ಒಬ್ಬ ತಾಯಿ ತನ್ನ ತವರಿನ ಕೌದಿಗಳನ್ನು ನೆಲಕ್ಕೆ ಹಾಸಬೇಕಾಯಿತು. ಅದನ್ನು ನೋಡಿದವರು ಯಾರೂ, "ಇದೇನು ಅನ್ಯಾಯ?" ಎನ್ನಲಿಲ್ಲ. "ಶಾಣ್ಯಾ ಇದ್ದೀ, ಛಲೋ ಉಪಾಯ ಮಾಡೀದಿ" ಎಂದರು.

ಮಹಾಂತೇಶ ನಗರದಲ್ಲಿ ಅವರದು ಬಾಡಿಗೆಯ ಮನೆ, ಮೊದಲ ಮಹಡಿ. ಕೆಳಗೆ ಮನೆಯ ಯಜಮಾನರು: ನಿವೃತ್ತರಾದ ಬಿಂದುಮಾಧವ ಕಾಕಾ, ಅವರ ಹೆಂಡತಿ ಕಾಶೀಬಾಯಿ, ಸೊಸೆ ಸಾನಿಕಾ, ಮೊಮ್ಮಗ ಅಜಿಂಕ್ಯ. ಮಗ ಪರಾಗ ಪುಣೆಯ ಕೆಲಸದಲ್ಲಿದ್ದು ಹಬ್ಬಕ್ಕೆ ಬಂದು ಹೋಗುವವನು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ಕಾಶೀಬಾಯಿ ಕೆಟ್ಟವರಲ್ಲ. ಪೂರ್ಣಿಮಾಗೆ ಜ್ವರ ಬಂದಾಗ ಮೆತ್ತಗಿನ ಅನ್ನಕ್ಕೆ ಮೆಂತೆಹಿಟ್ಟು ಕಲಸಿ ಮೇಲೆ ತಂದುಕೊಟ್ಟವರು ಅವರೇ. ಆದರೆ ಅವರ ಪಡಸಾಲೆಯ ಮೂಲೆಯಲ್ಲಿ ಜೇಡನ ಬಲೆ ತೆಗೆಯುವ ಉದ್ದನೆಯ ಕೋಲೊಂದಿತ್ತು. ಮೇಲೆ ಐಶೂ ಓಡಿದಳೆಂದರೆ ಕೆಳಗಿನಿಂದ ಆ ಕೋಲಿನ ತುದಿ ಛತ್ತಿಗೆ ಬಡಿಯುತ್ತಿತ್ತು: ಟಕ್, ಟಕ್. ಕೂಡಲೇ ಪೂರ್ಣಿಮಾ ಅಂಗಾಲಿನ ಕೆಳಗೆ ಕೆಂಡ ಬಿದ್ದವಳಂತೆ ಎದ್ದು, "ತಪ್ಪಾತ್ರಿ ಕಾಕೂ!" ಎಂದು ಕಿಟಕಿಯಿಂದ ಕೂಗುತ್ತಿದ್ದಳು. ತಪ್ಪೇನು ಎಂದು ಅವಳು ಯಾವತ್ತೂ ಕೇಳಲಿಲ್ಲ.

ಐಶೂಗೆ ಆಗ ಐದು ತುಂಬಿ ಆರು ನಡೆಯುತ್ತಿತ್ತು. ಅವಳ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ. ಅವಳನ್ನು ಸಾಕುವುದು ಸುಲಭದ ಮಾತಲ್ಲ. ಊಟ ಮಾಡುವಾಗ ಎರಡು ತುತ್ತಿನ ನಡುವೆ ಒಂದು ಸುತ್ತು ಓಡಿ ಬರಬೇಕು. ಜಡೆ ಹಾಕುವಾಗ ತಲೆ ತಾಯಿಯ ಕೈಯಲ್ಲಿದ್ದರೆ ಕಾಲು ಗೋಡೆಯ ಮೇಲೆ. ಮಾತಾಡುತ್ತ ಮಾತಾಡುತ್ತ ಮಂಚದಿಂದ ಜಿಗಿದು ಮಾತು ಮುಗಿಸುತ್ತಿದ್ದಳು. ಶಾಲೆಯಿಂದ ವಾರಕ್ಕೊಮ್ಮೆ ಕರೆ ಬರುತ್ತಿತ್ತು: ಕುಳಿತಲ್ಲಿ ಕೂರುವುದಿಲ್ಲ, ಬೇರೆ ಮಕ್ಕಳನ್ನೂ ಎಬ್ಬಿಸುತ್ತಾಳೆ. ಪೂರ್ಣಿಮಾ ಅವಳನ್ನು ಮಕ್ಕಳ ಡಾಕ್ಟರರಿಗೂ ತೋರಿಸಿದಳು. ಅವರು ಕೂಸನ್ನು ಆಡಿಸಿ, ಮಾತಾಡಿಸಿ, ಒಂದಿಷ್ಟು ಕೆಲಸ ಮಾಡಿಸಿ ನೋಡಿ ಹೇಳಿದ್ದು ಇಷ್ಟೇ: "ಇಕೀಗೆ ಏನೂ ಆಗಿಲ್ಲವ್ವಾ. ಓಡಾಕ ಜಾಗಾ ಕೊಡು."

ಜಾಗ ಎಲ್ಲಿಂದ ತರಬೇಕು? ಹತ್ತಿರದ ಉದ್ಯಾನಕ್ಕೆ ಕರೆದೊಯ್ದರೆ ಹುಲ್ಲಿನ ಮೇಲೆ ಕಾಲಿಡಬಾರದೆಂದು ಫಲಕ. ಕಾಲುದಾರಿಯಲ್ಲಿ ಓಡಿದರೆ ಸಂಜೆಯ ವಾಕಿಂಗಿನವರಿಗೆ ಅಡ್ಡಿ. ಮನೆಯ ತಾರಸಿ ಮಾಳಿಗೆಗೆ ಕಾಶೀಬಾಯಿಯವರ ಬೀಗ, ಹಪ್ಪಳ ಸಂಡಿಗೆ ಇರುತ್ತವೆ ಎಂದು. ರಸ್ತೆಯಲ್ಲಿ ಗಾಡಿಗಳು. ನಗರ ಕಟ್ಟಿದವರು ಕಾರಿಗೆ ಜಾಗ ಬಿಟ್ಟಿದ್ದಾರೆ, ನಾಯಿಗಳಿಗೂ ಹೇಗೋ ಜಾಗ ಸಿಕ್ಕಿದೆ. ಮಕ್ಕಳು ಮಾತ್ರ ಎರಡು ಕೋಣೆಯಲ್ಲಿ ಕುಳಿತು ದೊಡ್ಡವರಾಗಬೇಕು. ಕುಳಿತರೆ ಶಾಣ್ಯಾ, ಎದ್ದರೆ ಹುಚ್ಚಿ.

ಎದುರು ಮನೆಯ ಮುಗ್ಧಾಳನ್ನು ಎಲ್ಲರೂ ತೋರಿಸುತ್ತಿದ್ದರು. "ಮುಗ್ಧಾನ್ನ ನೋಡು, ಇಟ್ಟಲ್ಲೆ ಇರ್ತಾಳ." ನಾನೂ ನೋಡಿದ್ದೇನೆ. ಇಟ್ಟಲ್ಲೇ ಇರುತ್ತಿದ್ದಳು, ಕೈಯಲ್ಲಿ ಫೋನು ಹಿಡಿದು. ಅವಳ ಬೆರಳು ಮಾತ್ರ ಆಡುತ್ತಿತ್ತು.

ಇನ್ನೊಂದು ಮಾತು. ಅಜಿಂಕ್ಯ ಎರಡು ವರ್ಷದವನು, ಒಮ್ಮೆ ಚಹದ ಕಪ್ಪು ಎತ್ತಿ ಎಸೆದಾಗ ಕಾಶೀಬಾಯಿ ನಗುತ್ತ, "ಗಂಡಸು ಅಲ್ಲೇನು, ಜೋರ್ ಇದ್ದಾನ" ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅದೇ ಬಾಯಿಂದ ಐಶೂಗೆ ಬಂದ ಮಾತು: "ಹೆಣ್ ಹುಡುಗಿ ಹಿಂಗ ಕುಣದ್ರ ಮುಂದ ಹ್ಯಾಂಗವ್ವಾ?"

ಈ ಮಾತು ಪೂರ್ಣಿಮಾಗೆ ಹೊಸದಲ್ಲ. ನಾವಿಬ್ಬರೂ ಪಾರಿಶ್ವಾಡದವರು, ಒಂದೇ ಶಾಲೆಯಲ್ಲಿ ಓದಿದವರು. ನನ್ನನ್ನು ಅವಳು ಇಂದಿಗೂ ಸಾತೂ ಎಂದೇ ಕರೆಯುತ್ತಾಳೆ. ಅಜ್ಜಿಯ ಹೆಸರು ನನಗಿಟ್ಟಿದ್ದರು, ಸಾತವ್ವ ಎಂದು. ಏಳನೆಯ ತರಗತಿಯಲ್ಲಿ ನಮ್ಮ ಶಾಲೆಯ ಖೋಖೋ ತಂಡ ಖಾನಾಪುರಕ್ಕೆ ಹೋಗಿ ತಾಲೂಕಿಗೆ ಗೆದ್ದು ಬಂದದ್ದು ಪೂರ್ಣಿಮಾಳ ಕಾಲಿನಿಂದ. ಕಂಬದ ಬಳಿ ಅವಳು ತಿರುಗಿದಳೆಂದರೆ ಬೆನ್ನಟ್ಟಿದವಳು ನೆಲಕ್ಕೆ ಬೀಳುತ್ತಿದ್ದಳು. ಪೂರ್ಣಿಮಾ ಆಚೆ ನಿಂತು ನಗುತ್ತಿದ್ದಳು. ಮರುವರ್ಷ ಅವಳು ದೊಡ್ಡವಳಾದಳು. ಅವಳ ತಂದೆ ಗುರುಪುತ್ರಪ್ಪ ಮಗಳನ್ನು ಪದವಿಯವರೆಗೆ ಓದಿಸಿದ ದೊಡ್ಡ ಮನುಷ್ಯ. ಆದರೆ ಅಂದು ಅವರು ಹೇಳಿದ್ದು, "ಕಲೀಲಿ, ಎಷ್ಟ ಬೇಕಾದ್ರೂ ಕಲೀಲಿ. ಓಡೂದು ಸಾಕು." ಆಟದ ಮಾಸ್ತರರು ಮನೆಗೆ ಬಂದು ಕೈಮುಗಿದು ಕೇಳಿದರು. ಚಹ ಕುಡಿಸಿ ಕಳಿಸಿದರು. ಆಮೇಲಿನ ಪೂರ್ಣಿಮಾ ಓಡಿದ್ದನ್ನು ನಾನು ನೋಡಲಿಲ್ಲ. ಎಲ್ಲರೂ ಅವಳನ್ನು ತಗ್ಗಿ ಬಗ್ಗಿ ನಡೆಯುವ ಹುಡುಗಿ ಎಂದು ಹೊಗಳಿದರು.

ಆ ಹುಡುಗಿಯ ಹೊಟ್ಟೆಯಲ್ಲಿ ಈ ಹುಡುಗಿ ಹುಟ್ಟಿದಳು. ಓಡುವುದು ಎಲ್ಲಿಂದ ಬಂತು ಎಂದು ಓಣಿಯವರು ಕೇಳುತ್ತಿದ್ದರು!

ಸುಮಿತ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವನು. ಪಾಳಿ ಬದಲಾಗುತ್ತಿರುತ್ತದೆ, ಹಗಲು ಮಲಗಬೇಕಾದ ವಾರದಲ್ಲಿ ಪಕ್ಕದಲ್ಲೇ ಮಗಳ ಕುಣಿತ, ಕೆಳಗೆ ಕೋಲಿನ ಬಡಿತ. ಅವನ ಜೊತೆಗೆ ಕೆಲಸ ಮಾಡುವ ಹಣಮಪ್ಪ ಒಂದು ದಾರಿ ತೋರಿಸಿದ. ಖಾನಾಪುರದ ಆಚೆ ಒಂದು ವಸತಿ ಶಾಲೆ. ಅಲ್ಲಿ ಶಿಸ್ತು ಕಲಿಸುತ್ತಾರಂತೆ. "ನನ್ನ ಮಗನ್ನ ಅಲ್ಲೇ ಹಾಕೇನಿ. ಈಗ ಕುಂದರು ಅಂದ್ರ ಕುಂದರ್ತಾನ" ಎಂದನಂತೆ.

ಸುಮಿತ ಇದನ್ನು ಬಂದು ಹೇಳಿದಾಗ ಪೂರ್ಣಿಮಾ ಕೇಳಿದ್ದು ಒಂದೇ ಮಾತು: "ಏಳು ಅಂದ್ರ ಏಳ್ತಾನೇನು?"

ಸಂಕ್ರಾಂತಿಗೆ ಮುಂಚಿನ ರವಿವಾರ ಮೂವರೂ ರೈಲಿನಲ್ಲಿ ಖಾನಾಪುರಕ್ಕೆ ಹೋದರು. ಅಂದಿನ ಕಥೆಯನ್ನು ಪೂರ್ಣಿಮಾ ನನಗೆ ಆಮೇಲೆ ಹೇಳಿದಳು. ದೇಸೂರಿನ ಸ್ಟೇಶನ್ನಿನಲ್ಲಿ ಗಾಡಿ ನಿಂತಾಗ ಐಶೂ ಕಿಟಕಿಯ ಸರಳಿಗೆ ಮುಖ ಒತ್ತಿ ನೋಡುತ್ತಿದ್ದಳು. ಆಚೆಯ ಬಯಲಿನಲ್ಲಿ ಹುಡುಗ ಹುಡುಗಿಯರ ದಂಡು ಹಳೆಯ ಟೈರೊಂದನ್ನು ಉರುಳಿಸಿಕೊಂಡು ಓಡುತ್ತಿತ್ತು. "ಅವ್ವಾ, ಇಲ್ಲೇ ಇಳಿಯೂಣು!" ಎಂದು ಕೂಸು ಬಾಗಿಲ ಕಡೆ ಹೊರಟೇಬಿಟ್ಟಿತು. ಸುಮಿತ ರಟ್ಟೆ ಹಿಡಿದು ಕೂರಿಸಿದ.

ವಸತಿ ಶಾಲೆಯಲ್ಲಿ ಮಕ್ಕಳು ಸಾಲಾಗಿ ಕುಳಿತಿದ್ದರಂತೆ, ತುಟಿಯ ಮೇಲೆ ಬೆರಳಿಟ್ಟುಕೊಂಡು. ರವಿವಾರದ ದಿನ! ಮಕ್ಕಳನ್ನು ನೋಡಿಕೊಳ್ಳುವ ಹೆಂಗಸು ನಗುನಗುತ್ತ ಎಲ್ಲ ವಿವರಿಸಿದಳು. "ಮೊದಲನೇ ತಿಂಗಳ ನೀವು ಬರಬಾರದ್ರಿ. ನಿಮ್ಮನ್ನ ನೋಡಿದ್ರ ಕೆಡ್ತಾವ. ಒಂದ್ ನಾಲ್ಕ್ ದಿನ ಅಳ್ತಾವ, ಆಮ್ಯಾಲ ಸುಮ್ಮಾಗ್ತಾವ."

"ಸುಮ್ಮಾದ ಮ್ಯಾಲ ಮತ್ತ ಮಾತಾಡ್ತಾವೇನ್ರಿ?" ಎಂದು ಪೂರ್ಣಿಮಾ ಕೇಳಿದಳು.

ಆ ಹೆಂಗಸಿಗೆ ಇದು ಚೇಷ್ಟೆ ಎನಿಸಿತು, ನಕ್ಕಳು. "ಹಬ್ಬ ಮುಗಿಸಿ ಸೋಮವಾರ ಕರಕೊಂಡ ಬರ್ರಿ. ಜೂನಿನ ಹೊತ್ತಿಗೆ ಪೂರಾ ರೂಢಿ ಆಗಿರ್ತೈತಿ."

ಮರಳಿ ಬರುವಾಗ ಸುಮಿತ ಹೇಳಿದ, "ನನಗೇನು ಖುಷಿ ಐತೇನು? ಕಾಕು ಮನಿ ಬಿಡ್ರಿ ಅಂದ್ರ ಎಲ್ಲಿಗೆ ಹೋಗೂಣು? ಎಲ್ಲಾ ಕಡೇನೂ ಕೆಳಗೊಬ್ರು ಇದ್ದ ಇರ್ತಾರ." ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಆದರೆ ದಣಿದ ತಂದೆ ತಾಯಿಗೆ ಈ ಊರು ತೋರಿಸುವ ದಾರಿ ಇದೊಂದೇ ಎಂಬುದೇ ನನ್ನ ಸಿಟ್ಟು. ಕೂಸಿಗೆ ಒಂದು ಬಯಲು ಕೊಡಿ ಎನ್ನುವವರಿಲ್ಲ. ಕೂಸನ್ನೇ ಕಳಿಸಿ ಎನ್ನುವವರು ಓಣಿಗೆ ಹತ್ತು ಮಂದಿ.

ಸಂಕ್ರಾಂತಿಯ ಮರುದಿನ ಸಂಜೆ ನಾನು ಪೂರ್ಣಿಮಾಳ ಮನೆಯಲ್ಲಿದ್ದೆ. ಕಾಶೀಬಾಯಿ ಕುಂಕುಮದ ಭರಣಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಮೊಣಕಾಲು ನೋವಿನವರು, ಆದರೂ ಕರೆಯುವ ಪದ್ಧತಿ ಬಿಟ್ಟವರಲ್ಲ. ಇಬ್ಬರ ಹಣೆಗೂ ಕುಂಕುಮ ಇಟ್ಟು ಹೇಳಿದರು, "ಪೂರ್ಣಿಮಾ, ನಾಳೆ ಸಂಜೀಮುಂದ ನಮ್ಮ ಅಜಿಂಕ್ಯಾನ ಬೋರನ್ಹಾಣ ಅದ. ಜೋಡೀನ ಅರಿಶಿಣ ಕುಂಕುಮನೂ ಇಟ್ಟೇವಿ. ನೀ ಬರಬೇಕು. ನಿನ್ನ ಗೆಳತಿನೂ ಬರಲಿ."

"ಬರ್ತೇವ್ರಿ ಕಾಕೂ."

ಕಾಶೀಬಾಯಿ ಹೊಸ್ತಿಲು ದಾಟಿ ಮತ್ತೆ ನಿಂತರು. ದನಿ ತಗ್ಗಿಸಿದರು. "ಐಶೂನ್ನ ಮಲಗಿಸಿ ಬಾ. ಫೋಟೋದವ ಬರ್ತಾನ, ಡೆಕೋರೇಶನ್ ಮಾಡಿಸೇವಿ. ಆಕಿ ಬಂದ್ರ ಒಂದ್ ಕಡೆ ನಿಂದ್ರೂದಿಲ್ಲ. ನಿನಗ ಗೊತ್ತದಲ್ಲ?"

ಸಂಜೆ ಆರು ಗಂಟೆಗೆ ಐಶೂಳನ್ನು ಮಲಗಿಸಬೇಕಂತೆ. ಸೂರ್ಯನನ್ನಾದರೂ ಮಲಗಿಸಬಹುದಿತ್ತು.

ಬೋರನ್ಹಾಣ ಎಂದರೇನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಂಕ್ರಾಂತಿಯ ದಿನಗಳಲ್ಲಿ ನಮ್ಮ ಕಡೆಯ ಕೆಲವು ಮನೆಗಳಲ್ಲಿ ಸಣ್ಣ ಕೂಸಿಗೆ ಕಪ್ಪು ಬಟ್ಟೆ ತೊಡಿಸಿ, ಕುಸುರೆಳ್ಳಿನ ಒಡವೆ ಹಾಕಿ, ಮಣೆಯ ಮೇಲೆ ಕೂರಿಸುತ್ತಾರೆ. ಸೇರಿನಲ್ಲಿ ಬೋರೆಹಣ್ಣು, ಕಬ್ಬಿನ ತುಂಡು, ಚುರಮುರಿ, ಚಾಕಲೇಟು ತುಂಬಿ ತಲೆಯ ಮೇಲೆ ಎರೆಯುತ್ತಾರೆ. ಸುತ್ತಲಿನ ಮಕ್ಕಳು ಮುಗಿಬಿದ್ದು ಲೂಟಿ ಹೊಡೆಯಬೇಕು. ಎಷ್ಟು ಗದ್ದಲವಾದರೆ ಕೂಸಿಗೆ ಅಷ್ಟು ಒಳ್ಳೆಯದು ಎಂದು ನಂಬಿಕೆ. ಅಂದರೆ ಮಕ್ಕಳು ದಾಂಧಲೆ ಮಾಡಲಿ ಎಂದೇ ಹಿರಿಯರು ಇಟ್ಟ ಪದ್ಧತಿ ಅದು. ಆ ಪದ್ಧತಿಗೆ ಐಶೂ ಬೇಡ!

ಮಂಚದ ಮೇಲೆ ತಲೆಕೆಳಗಾಗಿ ಮಲಗಿದ್ದ ಐಶೂ ಬೋರನ್ಹಾಣ ಎಂದದ್ದಷ್ಟನ್ನೇ ಕೇಳಿಸಿಕೊಂಡಿದ್ದಳು. "ಅವ್ವಾ, ನಾ ಎಲ್ಲಾರಕಿಂತಾ ಜಾಸ್ತಿ ಆರಸ್ತೇನಿ. ನಿನಗೂ ಕೊಡ್ತೇನಿ, ಸಾತು ಮಾವಶಿಗೂ ಕೊಡ್ತೇನಿ" ಎಂದಳು.

ಪೂರ್ಣಿಮಾ ಮುಖ ತಿರುಗಿಸಿ ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋಗಿ, "ನೀ ಹೋಗಬ್ಯಾಡ ನಾಳೆ. ಹೋದ್ರ ನಿನ್ನ ಜೋಡಿ ಮಾತಾಡೂದಿಲ್ಲ" ಎಂದೆ.

"ಕುಂಕುಮಕ್ಕ ಕರದ್ರ ಇಲ್ಲ ಅನಬಾರದು ಸಾತೂ. ನಮ್ಮವ್ವ ವೈರಿ ಮನಿಗೂ ಹೋಗಿ ಕುಂಕುಮಾ ಹಚಿಗೊಂಡ ಬರ್ತಾಳ."

"ನಿಮ್ಮವ್ವ ನಿನ್ನ ಬಿಟ್ಟ ಹೋಗತಿದ್ಲೇನು?"

ಅವಳು ಸಿಂಕಿನ ನಲ್ಲಿ ಜೋರಾಗಿ ಬಿಟ್ಟಳು, ಐಶೂಗೆ ಕೇಳದಿರಲೆಂದು. "ನಾ ಹೋಗಲಿಲ್ಲಂದ್ರ ಕಾಕುಗ ಸಿಟ್ ಬರ್ತೈತಿ. ಸಿಟ್ ಬಂದ್ರ ಮನಿ ಬಿಡ್ರಿ ಅಂತಾರ. ಆ ಒಂದ್ ಮಾತ್ ಬಂದ್ರ ಸಾಕು, ಇವ್ರು ಸೋಮವಾರ ಕೂಸಿನ್ನ ಖಾನಾಪುರಕ್ಕ ಬಿಟ್ ಬರ್ತಾರ. ಸೋಮವಾರ ದಾಟಲಿ. ಒಂದ್ ಸೋಮವಾರ ದಾಟಿಸಿದ್ರ ಮುಂದಿಂದು ನೋಡಿಕೊಳ್ತೇನಿ."

ಮರುದಿನ ಸಂಜೆ ಸುಮಿತನಿಗೆ ರಜೆಯಿತ್ತು. ಐಶೂಳನ್ನು ಅವನ ಬಳಿ ಬಿಟ್ಟು, ಕೈಗೆ ಫೋನು ಕೊಟ್ಟು, ನಾವು ಕೆಳಗೆ ಇಳಿದೆವು. "ಕೌದಿ ಮ್ಯಾಲ ಅಷ್ಟ ಓಡಬೇಕು, ಹೌದಿಲ್ಲೋ?" ಎಂದು ಪೂರ್ಣಿಮಾ ನೆನಪಿಸಿದಳು. ಅದು ಅವರ ಮನೆಯ ಕಾನೂನು. ಕೌದಿ ಇದ್ದಲ್ಲಿ ಓಡಬಹುದು. ಬರಿಯ ನೆಲ ಬಂದರೆ ತುದಿಗಾಲು.

ಕಾಶೀಬಾಯಿಯವರ ಪಡಸಾಲೆ ಗಾಳಿಪಟ, ಬಲೂನುಗಳಿಂದ ತುಂಬಿತ್ತು. ಹೆಂಗಸರು ಜರತಾರಿ ಸೀರೆಗಳಲ್ಲಿ, ಮಕ್ಕಳು ಇಸ್ತ್ರಿ ಬಟ್ಟೆಯಲ್ಲಿ. ಮುಗ್ಧಾ ಮೊದಲ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದಳು. ಅಜಿಂಕ್ಯನ ತಲೆಗೆ ಕುಸುರೆಳ್ಳಿನ ಕಿರೀಟ. ಅದನ್ನು ಕಿತ್ತುಹಾಕಬಾರದೆಂದು ಅವನ ಮುಂದೆ ಫೋನಿನಲ್ಲಿ ಬೊಂಬೆಯಾಟ ಹಚ್ಚಿಟ್ಟಿದ್ದರು. ಬಿಂದುಮಾಧವ ಕಾಕಾ ಆರಾಮ ಕುರ್ಚಿಯಲ್ಲಿದ್ದರು. ಫೋಟೋದವನು ಹೇಳಿದಂತೆ ಸಾನಿಕಾ ಸೇರು ಎತ್ತಿದಳು, ಸೋಬಾನೆಯ ಹೆಂಗಸರು ಒಂದು ನುಡಿ ಹಾಡಿದರು, ಬೋರೆಹಣ್ಣು ಚುರಮುರಿಗಳು ಕೂಸಿನ ತಲೆಯ ಮೇಲಿಂದ ಜಳಜಳನೆ ಇಳಿದು ನೆಲದ ತುಂಬ ಹರಡಿದವು. ಚಾಕಲೇಟೊಂದು ಉರುಳಿ ನನ್ನ ಕಾಲ ಬಳಿ ಬಂದು ನಿಂತಿತು.

ಒಂದು ಮಗುವೂ ಏಳಲಿಲ್ಲ.

ಎಲ್ಲವೂ ತಮ್ಮ ತಮ್ಮ ತಾಯಂದಿರ ಮುಖ ನೋಡುತ್ತಿದ್ದವು. ಬಟ್ಟೆ ಹೊಲಸು ಮಾಡಿಕೊಳ್ಳಬೇಡ, ಓಡಬೇಡ, ಕೆಳಗೆ ಬಿದ್ದದ್ದು ಮುಟ್ಟಬೇಡ ಎಂದು ಹೇಳಿ ಹೇಳಿ ಬೆಳೆಸಿದ ಮಕ್ಕಳು. ಮುಟ್ಟು ಎನ್ನುವವರೆಗೆ ಹೇಗೆ ಮುಟ್ಟಿಯಾವು?

"ಆರಿಸ್ರೋ! ಆರಿಸಬೇಕು, ಲೂಟಿ ಮಾಡ್ರಿ!" ಕಾಶೀಬಾಯಿ ಎರಡೂ ಕೈ ಬೀಸಿದರು. ಮುಗ್ಧಾ ಎದ್ದು, ಎರಡು ಬೆರಳಲ್ಲಿ ಒಂದು ಚಾಕಲೇಟು ಎತ್ತಿ, ತಾಯಿಯ ಕೈಗೆ ಕೊಟ್ಟು ಮತ್ತೆ ಕುಳಿತಳು. ಇನ್ನೊಬ್ಬ ಹುಡುಗ ಬೋರೆಹಣ್ಣು ಮೂಸಿ ನೋಡಿ, "ಮಮ್ಮೀ, ಇದನ್ನ ತೊಳದಿಲ್ಲ" ಎಂದ. ಅಷ್ಟರಲ್ಲಿ ಸೇರಿನ ಪೆಟ್ಟಿಗೋ ಏನೋ, ಅಜಿಂಕ್ಯ ಕಿರುಚಿ ಅಳತೊಡಗಿದ. ಹಬ್ಬದ ಮನೆ ಶಾಲೆಯ ಪರೀಕ್ಷೆಯ ಕೋಣೆಯಂತಾಯಿತು.

"ಹಿಂಗ ಬಿಡಬಾರದ್ರಿ, ಛಲೋ ಅಲ್ಲ. ಯಾರರ ಲೂಟಿ ಹೊಡೀಲಿಕ್ಕ ಬೇಕು" ಎಂದು ಹಿರಿಯ ಮುತ್ತೈದೆಯೊಬ್ಬಳು ಗೊಣಗಿದಳು. ಫೋಟೋದವನು, "ಮಕ್ಕಳು ಸ್ವಲ್ಪ ಗದ್ದಲ ಮಾಡಬೇಕ್ರಿ, ಇಲ್ಲಾಂದ್ರ ಫೋಟೋ ಬರೂದಿಲ್ಲ" ಎಂದ. ಬಿಂದುಮಾಧವ ಕಾಕಾ ಕನ್ನಡಕ ತೆಗೆದು ಒರೆಸುತ್ತ, "ಮ್ಯಾಲೆ ಒಂದ್ ಕೂಸು ಅದ ಅಲ್ಲ? ಆಕಿನ್ನ ಕರೀರಿ. ಆಕಿ ಬಂದ್ರ ಇವೂ ಏಳ್ತಾವ" ಎಂದರು.

ಕಾಶೀಬಾಯಿಯವರ ಮುಖ ಅರಳಿತು. "ಹೌದಲ್ಲ! ಪೂರ್ಣಿಮಾ, ಓಡು ಓಡು, ಐಶೂನ್ನ ಕರಕೊಂಡ ಬಾ. ಲಗೂನ."

ಪೂರ್ಣಿಮಾ ಏಳಲಿಲ್ಲ. 

"ಆಕಿ ಮಲಗ್ಯಾಳ್ರಿ ಕಾಕೂ. ನೀವ ಹೇಳಿದ್ರಲ್ಲ, ಮಲಗಿಸಿ ಬಾ ಅಂತ."

ಅದೇ ಹೊತ್ತಿಗೆ ಮೇಲೆ ದಡ್ ಎಂದು ಸಪ್ಪಳವಾಯಿತು. ಯಾರೋ ಮಂಚದಿಂದ ಜಿಗಿದಂತೆ. ಆಮೇಲೆ ಕೌದಿಯ ಮೇಲಿನ ಮೆತ್ತಗಿನ ಓಟ: ದಬ ದಬ ದಬ. ಪಡಸಾಲೆಯಲ್ಲಿದ್ದವರೆಲ್ಲ ಒಮ್ಮೆಲೇ ಛತ್ತು ನೋಡಿದರು. ಯಾರೋ ಕಿಸಕ್ಕನೆ ನಕ್ಕರು.

"ಎಚ್ಚರಾಗ್ಯದ ನೋಡು, ಕರಕೊಂಡ ಬಾ" ಎಂದಳು ಸಾನಿಕಾ.

"ಇಲ್ಲವಾ. ಬರೂದಿಲ್ಲ."

ಕಾಶೀಬಾಯಿ ಅವಳನ್ನು ಸಮಾಧಾನ ಮಾಡಲು ತಟ್ಟೆಯಿಂದ ಎಳ್ಳು ಬೆಲ್ಲ ತೆಗೆದು ಅವಳ ಅಂಗೈಗೆ ಹಾಕಿದರು. ಹಣೆಗೆ ಕುಂಕುಮ ಹಚ್ಚಿದರು. "ಹಬ್ಬದಾಗ ಸಿಟ್ ಮಾಡಬಾರದವಾ. ಎಳ್ಳು ಬೆಲ್ಲ ತಗೊಂಡು ಒಳ್ಳೆ ಮಾತಾಡು."

ಕುಂಕುಮವನ್ನು ಪೂರ್ಣಿಮಾ ತಲೆಬಾಗಿ ಹಚ್ಚಿಸಿಕೊಂಡಳು. ಅದಕ್ಕೆ ಅವಳು ಇಲ್ಲ ಎನ್ನುವವಳಲ್ಲ. ಆದರೆ ಅಂಗೈಯಲ್ಲಿದ್ದ ಎಳ್ಳು ಬೆಲ್ಲವನ್ನು ಮತ್ತೆ ತಟ್ಟೆಗೆ ಸುರಿದಳು. ಒಂದು ಕಾಳೂ ಉಳಿಯದಂತೆ ಕೈ ಝಾಡಿಸಿದಳು. ಮುತ್ತೈದೆಯರು ಬಾಯಿಗೆ ಸೆರಗು ಹಿಡಿದರು. ನಮ್ಮ ಕಡೆ ಹಾಗೆ ಯಾರೂ ಮಾಡುವುದಿಲ್ಲ.

"ಇದನ್ನ ತಿಂದ್ರ ಒಳ್ಳೇ ಮಾತ ಆಡಬೇಕಾಗತೈತ್ರಿ ಕಾಕೂ. ಇವತ್ತ ನನ್ನ ಕಡೆ ಒಳ್ಳೇ ಮಾತಿಲ್ಲ" ಎಂದಳು. "ನನ್ನ ಕೂಸು ಓಡಿದ್ರ ನೀವು ಕೋಲ್ ತಗೊಂಡ ಛತ್ ಬಡೀತೀರಿ. ನಾ ನಮ್ಮವ್ವನ ಕೌದಿ ನೆಲಕ್ಕ ಹಾಸೇನಿ. ಮಾಳಿಗಿ ಕೀಲಿ ಹಾಕೀರಿ, ಕೇಳಲಿಲ್ಲ. ನೆಟ್ಟಗ ಬೆಳಸವಲ್ಲಿ ಅಂದ್ರಿ, ತಪ್ಪಾತ್ರಿ ಅಂದೆ. ಐದ್ ವರ್ಷದ ಕೂಸಿನ್ನ ಹಾಸ್ಟೆಲಿಗೆ ಬಿಡಾಕ ನಾವು ಖಾನಾಪುರಕ್ಕ ಹೋಗಿ ನೋಡಿ ಬಂದೇವಿ, ಯಾಕಂದ್ರ ನಿಮಗ ಸಪ್ಪಳ ಆಗತೈತಿ. ಇವತ್ತ ನಿಮಗ ಸಪ್ಪಳ ಬೇಕಾತು, ಆಕಿನ್ನ ಕರಿ ಅಂತೀರಿ! ನನ್ನ ಮಗಳು ಬಾಜಾ ಬಾರಸಾಕಿ ಅಲ್ರಿ, ಬೇಕಾದಾಗ ಕರಸಾಕ, ಸಾಕಾದಾಗ ಕಳಸಾಕ."

ಅಜಿಂಕ್ಯ ಅಳು ನಿಲ್ಲಿಸಿ ಅವಳನ್ನು ನೋಡುತ್ತಿದ್ದ. "ಹಾಸ್ಟೆಲ್? ನಾನೇನು ಹಾಸ್ಟೆಲಿಗೆ ಹಾಕು ಅಂದೆನೇನು?" ಎಂದು ಕಾಶೀಬಾಯಿ ತಮ್ಮಷ್ಟಕ್ಕೆ ಎಂಬಂತೆ ಕೇಳಿದರು. ನಿಜವಾಗಿಯೂ ಅವರು ಹಾಗೆ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬೀಳುವುದಿಲ್ಲ. ಕೋಲು ಬಡಿದರೆ ಸಾಕು.

ಪೂರ್ಣಿಮಾ ಮೆಟ್ಟಿಲು ಹತ್ತಿದಳು. ನಾನು ಹಿಂದೆ. ಬಾಗಿಲು ತೆರೆದು ನಿಂತಿದ್ದ ಸುಮಿತ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಏನ್ ಮಾಡಿದಿ ಪೂರ್ಣಿಮಾ? ನಾಳೆ ಮನಿ ಬಿಡ್ರಿ ಅಂತಾರ."

"ಅನ್ನಲಿ. ನೀ ಜರಾ ಬಾಜೂ ಸರಿ."

ಅವಳು ಬಾಗಿಲ ಬಳಿಯ ಕೌದಿಯ ಅಂಚು ಹಿಡಿದು ಸುತ್ತತೊಡಗಿದಳು. ಒಂದನ್ನು ಸುತ್ತಿ ಮಂಚದ ಮೇಲೆ ಎಸೆದಳು. ಇನ್ನೊಂದು. ಮತ್ತೊಂದು. ಸುಮಿತ, "ಬ್ಯಾಡ, ಕೆಳಗ ಕೇಳತೈತಿ" ಎನ್ನುತ್ತಲೇ ಇದ್ದ. ಕೊನೆಯ ಕೌದಿಯ ಮೇಲೆ ಐಶೂ ನಿಂತಿದ್ದಳು. ಅದನ್ನೂ ಎಳೆದಾಗ ಅವಳು ಬರಿಯ ನೆಲದ ಮೇಲೆ ಉಳಿದಳು. ಕೂಡಲೇ, ಯಾರೂ ಹೇಳದೆ, ಎರಡೂ ಹಿಮ್ಮಡಿ ಎತ್ತಿ ತುದಿಗಾಲಿನ ಮೇಲೆ ನಿಂತಳು.

ಸುಮಿತ ಅದನ್ನು ನೋಡಿದ. ಅವನ ಮಾತು ಅಲ್ಲಿಗೇ ನಿಂತಿತು.

ಪೂರ್ಣಿಮಾ ಅಡುಗೆಮನೆಯಿಂದ ಚುರಮುರಿಯ ಡಬ್ಬಿ ತಂದಳು. ಬೋರೆಹಣ್ಣು ಇರಲಿಲ್ಲ, ಶೇಂಗಾ, ಪುಟಾಣಿ, ಬೆಲ್ಲದ ಚೂರು ಕೈಗೆ ಸಿಕ್ಕದ್ದೆಲ್ಲ ಅದಕ್ಕೇ ಹಾಕಿ, ಮಗಳ ತಲೆಯ ಮೇಲೆ ಪೂರ್ತಿ ಡಬ್ಬಿ ಬೋರಲು ಹಾಕಿದಳು. ನೆಲವೆಲ್ಲ ಬಿಳಿಯಾಯಿತು.

"ಆರಸು."

ಐಶೂಳ ಕೂದಲಿನಲ್ಲಿ ಚುರಮುರಿ ಸಿಕ್ಕಿತ್ತು. ಅವಳು ತುದಿಗಾಲಿನ ಮೇಲೆಯೇ ತಾಯಿಯನ್ನು ನೋಡಿ, ತಂದೆಯನ್ನು ನೋಡಿ, ಪಿಸುಗುಟ್ಟಿದಳು: "ಅವ್ವಾ, ಓಡ್ಲಿ?"

ಓಡಲು ಅಪ್ಪಣೆ ಕೇಳುತ್ತಿದ್ದಳು. ಓಣಿಗೆ ಓಣಿಯೇ ಹುಚ್ಚಿ ಎಂದು ಕರೆದ ಕೂಸು. ಅವಳು ಆಗಲೇ ಅರ್ಧ ಕಲಿತುಬಿಟ್ಟಿದ್ದಳು. ಉಳಿದರ್ಧ ಕಲಿಸಲು ಸೋಮವಾರ ಕಾಯುತ್ತಿತ್ತು.

ಪೂರ್ಣಿಮಾ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಬಗ್ಗಿ, ಒಂದು ಕಾಲು ಹಿಂದಿಟ್ಟು, ಮಗಳ ಬೆನ್ನಿಗೆ ಫಟ್ ಎಂದು ಹೊಡೆದು, "ಖೋ!" ಎಂದು ಕೂಗಿದಳು. ಕೂಗಿ ತಾನೇ ಓಡಿದಳು. ಮಂಚ ಸುತ್ತಿ, ಕುರ್ಚಿ ಸುತ್ತಿ, ಅಡುಗೆಮನೆಯ ಬಾಗಿಲ ಚೌಕಟ್ಟನ್ನು ಕಂಬದಂತೆ ಹಿಡಿದು ಗರ್ರನೆ ತಿರುಗಿದಳು. ಹಿಂದೆ ಐಶೂ, ಕಿರುಚುತ್ತ, ಕೈಗೆ ಸಿಕ್ಕಷ್ಟು ಶೇಂಗಾ ಬಾಚುತ್ತ. ಎರಡು ಜೊತೆ ಕಾಲು ಬರಿಯ ನೆಲದ ಮೇಲೆ. ಸಪ್ಪಳ ಎಂದರೆ ಅದು ಸಪ್ಪಳ. ನಾನು ಕಿವಿಗೊಟ್ಟೆ. ಕೆಳಗಿನಿಂದ ಕೋಲು ಬಡಿಯಲಿಲ್ಲ.

ಓಡಿ ಓಡಿ ಉಸಿರು ಹತ್ತದೆ ಪೂರ್ಣಿಮಾ ಗೋಡೆಗೆ ಒರಗಿದಳು. "ಸೋಮವಾರ ಖಾನಾಪುರಕ್ಕ ನಾವು ಹೋಗೂದಿಲ್ಲ" ಎಂದಳು.

ಸುಮಿತ ನೆಲದ ಮೇಲೆ ಕುಳಿತು ಒಂದು ಶೇಂ‌ಗಾ ಎತ್ತಿ ಬಾಯಿಗೆ ಹಾಕಿಕೊಂಡ. ಅಗಿಯುತ್ತ ಹೇಳಿದ, "ಕೆಳಗ ಯಾರೂ ಇರದ ಮನಿ ನೋಡಬೇಕು. ನೆಲದ ಮ್ಯಾಲಿನ ಮನಿ."

"ದೇಸೂರಾಗ ಸಿಗತಾವ."

"ಹಳ್ಳಿಗೆ ಹೋದ್ರ ಮಂದಿ ಏನಂತಾರ? ಓದಿದಾಕಿ ನೀನು."

"ಮಂದಿ ಇಷ್ಟ ದಿನ ಏನ್ ಹೊಗಳಾಕತ್ತಿದ್ರು?"

ಉದ್ಯಮಬಾಗಕ್ಕೆ ಮಹಾಂತೇಶ ನಗರಕ್ಕಿಂತ ದೇಸೂರೇ ಹತ್ತಿರ. ಇದು ಅವರಿಬ್ಬರಿಗೂ ಮೊದಲಿನಿಂದ ಗೊತ್ತಿತ್ತು. ಆದರೆ ಹಳ್ಳಿಯಿಂದ ಓದಿ ಬಂದ ನಮ್ಮಂಥವರಿಗೆ ಊರಿನ ಕಡೆ ಒಂದು ಹೆಜ್ಜೆ ಹಿಂದಿಡುವುದೆಂದರೆ ಸೋತಂತೆ. ನಗರದ ಎರಡು ಕೋಣೆಯನ್ನು ಹಿಡಿದುಕೊಂಡು ಕುಳಿತಿರುತ್ತೇವೆ, ಕೂಸನ್ನು ಬೇಕಾದರೆ ಹೊರಗೆ ಕಳಿಸುತ್ತೇವೆ, ಕೋಣೆಯನ್ನು ಬಿಡುವುದಿಲ್ಲ. ನನ್ನ ಈ ಸಿಟ್ಟಿನಲ್ಲಿ ನಮಗೂ ಸಲ್ಲಬೇಕಾದ ಒಂದು ಪಾಲು ಇದೆ.

ಕಾಶೀಬಾಯಿ ಮನೆ ಬಿಡಿ ಎನ್ನಲಿಲ್ಲ. ಮರುದಿನ ಬಿಂದುಮಾಧವ ಕಾಕಾ ಮಾಳಿಗೆಯ ಕೀಲಿಕೈ ತಂದು ಕಿಟಕಿಯಲ್ಲಿಟ್ಟು ಹೋದರು. ಪೂರ್ಣಿಮಾ ಅದನ್ನು ಬಳಸಿದಳು, ಧನ್ಯವಾದವನ್ನೂ ಹೇಳಿದಳು. ಆದರೆ ಯುಗಾದಿಗೆ ಮುಂಚೆಯೇ ಮನೆ ಬದಲಾಯಿಸಿದಳು. ಈಗ ದೇಸೂರಿನಲ್ಲಿ ಅವರದು ಹಂಚಿನ ಮನೆ, ಮುಂದೆ ಅಂಗಳ, ಅಂಗಳದಾಚೆ ಬಯಲು. ಐಶೂ ಊರಿನ ಕನ್ನಡ ಶಾಲೆಗೆ ಹೋಗುತ್ತಾಳೆ. ಅಲ್ಲಿಂದಲೂ ದೂರು ಬರುತ್ತದೆ. ಸುಮ್ಮನೆ ಯಾಕೆ ಸುಳ್ಳು ಹೇಳಲಿ? ಮೊನ್ನೆ ಹುಣಸೆ ಮರ ಹತ್ತಿದ್ದಳಂತೆ, ಪೂರ್ಣಿಮಾ ಕೆಳಗೆ ನಿಂತು ಬೈದಳಂತೆ, ಬೈಯುತ್ತಲೇ ಯಾವ ಕೊಂಬೆಯ ಮೇಲೆ ಕಾಲಿಡಬೇಕೆಂದು ಹೇಳಿಕೊಟ್ಟಳಂತೆ. ಕೌದಿಗಳನ್ನು ಒಗೆದು, ಬಿಸಿಲಿಗೆ ಹಾಕಿ, ಈಗ ಹೊದೆಯುತ್ತಾರೆ.

ಈ ಸಂಕ್ರಾಂತಿಗೆ ನಾನು ಅಲ್ಲಿದ್ದಾಗ ಕಾಶೀಬಾಯಿಯವರ ಫೋನು ಬಂತು. ಅಜಿಂಕ್ಯನ ಬೋರನ್ಹಾಣವನ್ನು ಈ ವರ್ಷವೂ ಮಾಡುತ್ತಾರಂತೆ. ಪೂರ್ಣಿಮಾ ಸ್ಪೀಕರಿಗೆ ಹಾಕಿದಳು.

"ಪೂರ್ಣಿಮಾ, ಈ ಸಲ ಐಶೂನ್ನ ಕರಕೊಂಡ ಬರಲೇಬೇಕು ನೋಡು. ಆಕಿ ಇಲ್ಲಾಂದ್ರ ಮಜಾ ಇಲ್ಲ. ಬರ್ತಾಳಲ್ಲ?"

ಪೂರ್ಣಿಮಾ ಅಂಗಳದಾಚೆ ನೋಡಿದಳು. ಬಯಲಿನಲ್ಲಿ ಧೂಳು ಏಳುತ್ತಿತ್ತು. ಅದರೊಳಗೆ ಯಾರು ಐಶೂ, ಯಾರು ಬೇರೆ ಎಂದು ತಿಳಿಯುವಂತಿರಲಿಲ್ಲ.

"ಆಕಿನ್ನ ಕೇಳಿ ಹೇಳ್ತೇನ್ರಿ ಕಾಕೂ" ಎಂದಳು. "ಈಗ ಆಕೀಗ ಪುರಸೊತ್ತಿಲ್ಲ."